ಸೂಜಿಗೆ ಹೆದರುವವಳಿಗೆ ಬಿದ್ದ ಹೂವು

ನಮ್ಮ ಮನೆಯಲ್ಲಿ ಕಾಲಿಗೆ ಹೊಕ್ಕ ಮುಳ್ಳು ತೆಗೆಯುವ ಅಧಿಕಾರ ನನ್ನದಾಗಿತ್ತು. ಯಾರೂ ಕೊಟ್ಟದ್ದಲ್ಲ, ನಾನೇ ಕಿತ್ತುಕೊಂಡದ್ದು. ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯಲ್ಲಿ ನಡುವೆ ಇಳಿದು ಒಳಗೆ ನಡೆದರೆ ನಮ್ಮೂರು. ಭತ್ತ, ಗೋವಿನಜೋಳದ ಜೊತೆಗೆ ಅನಾನಸ್ ಬೆಳೆಯುತ್ತೇವೆ. ಅನಾನಸ್ ಎಲೆಯ ಅಂಚಿನುದ್ದಕ್ಕೂ ಮುಳ್ಳು. ಹೊಲದ ಬೇಲಿಯ ಮುಳ್ಳು ಬೇರೆ. ಏನನ್ನೂ ಚುಚ್ಚಿಸಿಕೊಳ್ಳದೆ ಹೊಲದಿಂದ ಮನೆಗೆ ಬಂದವರನ್ನು ನಾನು ಕಂಡಿಲ್ಲ. ಸಂಜೆ ಅವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತರೆ ಸಾಕು, ನಾನು ಅವ್ವನ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿಕೊಂಡು, ದೀಪದ ಉರಿಗೆ ಹಿಡಿದು, ಅವರ ಹಿಮ್ಮಡಿಯ ಮುಂದೆ ಹಾಜರಾಗುತ್ತಿದ್ದೆ.

ಈ ಕೆಲಸಕ್ಕೆ ನನ್ನದೇ ಒಂದು ಪದ್ಧತಿ ಇತ್ತು. ಚುಚ್ಚುವ ಮೊದಲು ಎದುರಿನವರಿಗೆ ಖರೆ ಹೇಳಿಬಿಡುತ್ತಿದ್ದೆ. ನೋವಾಗ್ತೈತಿ, ಅಳೂದಿದ್ರ ಈಗಲೇ ಅತ್ತು ಮುಗಿಸು, ಆಮೇಲೆ ಕಾಲು ಅಲ್ಲಾಡಿಸಿದ್ರ ನಾನು ಜವಾಬ್ದಾರಳಲ್ಲ ಎಂದು. ಅಪ್ಪನಂಥ ಗಟ್ಟಿ ಆಳು ಕೂಡ ಇದನ್ನು ಕೇಳಿ ಹಲ್ಲು ಕಚ್ಚಿ ಸುಮ್ಮನೆ ಕೂರುತ್ತಿದ್ದ. ಮುಳ್ಳು ಹೊರಗೆ ಬಂದ ಕೂಡಲೇ ಅವರ ಮುಖ ಸಡಿಲಾಗುತ್ತಿತ್ತಲ್ಲ, ಅದನ್ನು ನೋಡುವುದೆಂದರೆ ನನಗೆ ಹಬ್ಬ. ದೊಡ್ಡವರ ನೋವು ನನ್ನ ಪಿನ್ನಿನ ತುದಿಯಲ್ಲಿದೆ ಎನ್ನುವ ಜಂಬವೂ ಇತ್ತು, ಇಲ್ಲವೆನ್ನುವುದಿಲ್ಲ.

ಇಷ್ಟು ಶೂರಳಾದ ನಾನು ಇಂಜೆಕ್ಷನ್ ಎಂಬ ಶಬ್ದ ಕೇಳಿದರೆ ಬೆವರುತ್ತಿದ್ದೆ. ಪಿನ್ನು ಬೇರೆಯವರ ಕಾಲಿಗೆ ಹೋಗುವುದು ಒಂದು ವಿಷಯ. ಸೂಜಿ ನನ್ನ ಕಡೆಗೆ ಬರುವುದು ಪೂರಾ ಬೇರೆ ವಿಷಯ. ಇದರಲ್ಲಿ ಏನೂ ವಿರೋಧಾಭಾಸ ಇಲ್ಲವೆಂದು ನಾನು ಆಗಲೂ ವಾದಿಸುತ್ತಿದ್ದೆ, ಈಗಲೂ ವಾದಿಸುತ್ತೇನೆ.

ಶಾಲೆಗೆ ಲಸಿಕೆ ಹಾಕಲು ನರ್ಸಬಾಯಿ ಬಂದಾಗ ಊರಿಗೇ ನನ್ನ ಗುಟ್ಟು ತಿಳಿಯಿತು. ಚುಚ್ಚಿಸಿಕೊಂಡವರ ಎಡಗೈ ಹೆಬ್ಬೆರಳಿಗೆ ಕರಿ ಗುರುತು ಹಾಕುತ್ತಿದ್ದರು. ನಾನು ಸಾಲಿನಿಂದ ಜಾರಿಕೊಂಡು ಬಿಸಿಯೂಟದ ಕೋಣೆಯ ಹಿಂದೆ ಹೋಗಿ ಸ್ಕೆಚ್ ಪೆನ್ನಿನಿಂದ ನನ್ನ ಬೆರಳಿಗೆ ನಾನೇ ಗುರುತು ಹಾಕಿಕೊಂಡೆ. ಕರಿ ಪೆನ್ನು ಒಣಗಿಹೋಗಿದ್ದರಿಂದ ನೀಲಿ ಬಳಸಿದ್ದೆ. ಶಾಲೆಯಲ್ಲಿ ಯಾರೂ ನೋಡಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಕೈ ತೊಳೆದಾಗ ಗುರುತು ನೀರಿನ ಜೊತೆ ಹರಿದುಹೋಯಿತು. ಬಚ್ಚಲ ಬಾಗಿಲಲ್ಲಿ ನಿಂತಿದ್ದ ಅಜ್ಜಿ ನೀಲಿ ನೀರನ್ನೂ ನೋಡಿದಳು, ನನ್ನ ಮುಖವನ್ನೂ ನೋಡಿದಳು. ಬೈಯಲಿಲ್ಲ. ಒಳಗೆ ಹೋಗಿ ಒಂದು ತುಂಡು ಬೆಲ್ಲ ತಂದು ಕೊಟ್ಟಳು.

ಆದರೆ ನರ್ಸಬಾಯಿ ಹಾಗೆಲ್ಲ ಬಿಡುವವರಲ್ಲ. ಅವರು ಸಿದ್ದಾಪುರದ ಕಡೆಯಿಂದ ವರ್ಗವಾಗಿ ಬಂದವರು. ಅಲ್ಲಿ ಮಂಗನ ಕಾಯಿಲೆಯ ಲಸಿಕೆಗೆ ಹೆದರಿ ಗುಡ್ಡ ಹತ್ತಿದವರನ್ನೂ ಹುಡುಕಿ ಹಿಡಿದವರಂತೆ. ಪಟ್ಟಿಯಲ್ಲಿ ನನ್ನ ಹೆಸರು ಉಳಿದದ್ದು ನೋಡಿ ಮರುದಿನ ಸೀದಾ ನಮ್ಮ ಮನೆಗೇ ಬಂದರು. ಅಜ್ಜಿ ನನ್ನನ್ನು ಕೊಟ್ಟಿಗೆಯಲ್ಲಿ ಎಮ್ಮೆಯ ಹಿಂದೆ ನಿಲ್ಲಿಸಿ, ಹುಡುಗಿ ಶಿರಸಿಗೆ ಹೋಗ್ಯಾಳ ಎಂದು ಹೇಳಿದಳು. ಎಮ್ಮೆ ಬಾಲ ಬೀಸಿದ್ದು ನನ್ನ ಕಣ್ಣಿಗೇ ಬಡಿದು ನಾನು ಕೂಗಿಕೊಂಡೆ. ಅಪ್ಪ ಎತ್ತಿ ತಂದ. ನರ್ಸಬಾಯಿ ನಗುನಗುತ್ತ, ಏನೂ ಆಗೂದಿಲ್ಲ, ಇರುವೆ ಕಚ್ಚಿದಂಗ ಅಷ್ಟೇ ಎಂದರು. ಸೂಜಿ ನನ್ನ ತೋಳಿಗೆ ತಾಗುವ ಮೊದಲೇ ನನಗೆ ಎಚ್ಚರ ತಪ್ಪಿತು. ಎದ್ದಾಗ ತೋಳಿಗೆ ಹತ್ತಿ ಅಂಟಿಸಿತ್ತು. ಹೀಗಾಗಿ ನಾನು ಬಾಲ್ಯದುದ್ದಕ್ಕೂ ಹೆದರಿದ ನೋವು ಹೇಗಿರುತ್ತದೆಂದು ನನಗೇ ಗೊತ್ತಿರಲಿಲ್ಲ.

ಏನೂ ಆಗುವುದಿಲ್ಲ ಎನ್ನುವ ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಏನೂ ಆಗದಿದ್ದರೆ ನಾಲ್ಕು ಮಂದಿ ಸೇರಿ ಕೈಕಾಲು ಹಿಡಿಯುವುದು ಯಾತಕ್ಕೆ?

ಇಂಥವಳು ಪಿಯುಸಿಯಲ್ಲಿ ಜೀವಶಾಸ್ತ್ರವನ್ನು ಕಥೆಪುಸ್ತಕದ ಹಾಗೆ ಓದಿದೆ. ನೀಟ್ ಬರೆದೆ. ಫಲಿತಾಂಶ ಬಂತು, ಕೌನ್ಸೆಲಿಂಗ್ ಆಯಿತು, ಘಟ್ಟದ ಕೆಳಗಿನ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ಮನೆಯವರು ಕುಣಿಯಬೇಕಿತ್ತು. ಕುಣಿದದ್ದು ಯಲ್ಲಾಪುರದ ಸೋದರಮಾವ ಒಬ್ಬನೇ. ಅವನಿಗೆ ಅಲ್ಲಿ ಬಟ್ಟೆ ಅಂಗಡಿ. ನಾನು ಹೂಂ ಅನ್ನುವ ಮೊದಲೇ ಬಂದ ಗಿರಾಕಿಗಳಿಗೆಲ್ಲ ನಮ್ಮ ಹುಡುಗಿ ಡಾಕ್ಟರ್ ಎಂದು ಹೇಳಿ, ಕೆಲವರ ಮಂಡಿನೋವಿನ ದೂರನ್ನೂ ಕೇಳಿಸಿಕೊಂಡಿದ್ದ. ಉಳಿದವರು ನನ್ನ ಮುಖ ನೋಡುತ್ತಿದ್ದರು. ಎಮ್ಮೆಯ ಹಿಂದೆ ನಿಂತಿದ್ದ ಹುಡುಗಿಯನ್ನು ಯಾರೂ ಮರೆತಿರಲಿಲ್ಲ.

ಶಿರಸಿಯಲ್ಲೇ ಅರಣ್ಯಶಾಸ್ತ್ರ ಓದುವ ದಾರಿಯೂ ತೆರೆದಿತ್ತು. ಮನೆಗೆ ಹತ್ತಿರ, ಬಸ್ಸು ಸಲೀಸು, ಎಲ್ಲಕ್ಕಿಂತ ಮುಖ್ಯವಾಗಿ ಮರಗಳಿಗೆ ಇಂಜೆಕ್ಷನ್ ಕೊಡುವುದಿಲ್ಲ. ಅದಕ್ಕೇ ನಾನು ಎಲ್ಲರ ಮುಂದೆ ಗಿಡಮರಗಳ ಮೇಲಿನ ಪ್ರೀತಿಯ ಬಗ್ಗೆ ಭಾಷಣ ಮಾಡುತ್ತಿದ್ದೆ. ಅವ್ವ ಒಂದು ದಿನ ಅಂಗಳದ ಪೇರಲ ಗಿಡ ತೋರಿಸಿ, ಇದಕ್ಕೆ ಕೊನೇ ಸಲ ನೀರು ಹಾಕಿದ್ದು ಯಾವಾಗ ಎಂದು ಕೇಳಿದಳು. ಭಾಷಣ ಅಲ್ಲಿಗೆ ನಿಂತಿತು.

ನನಗೆ ಬೇಕಾದದ್ದು ವೈದ್ಯಕೀಯವೇ. ಅದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ, ಅಷ್ಟೇ. ಮುಳ್ಳು ಹೊರಬಂದಾಗ ಸಡಿಲಾಗುವ ಮುಖಗಳನ್ನು ಜೀವನವಿಡೀ ನೋಡಬೇಕೆಂಬ ಆಸೆ ಒಂದು ಕಡೆ. ಅಲ್ಲಿ ಹೋಗಿ ಎಲ್ಲರೆದುರು ಎಚ್ಚರ ತಪ್ಪಿ ಬಿದ್ದು, ಇವಳಿಂದ ಆಗುವುದಿಲ್ಲವೆಂದು ವಾಪಸು ಕಳಿಸಿದರೆ ಎಂಬ ನಾಚಿಕೆ ಇನ್ನೊಂದು ಕಡೆ. ಅದೇ ಹೊತ್ತಿಗೆ ಆ ಕಾಲೇಜಿನಲ್ಲಿ ಓದುತ್ತಿದ್ದ ಪಕ್ಕದೂರಿನ ಅಕ್ಕ ಒಬ್ಬಳು ಫೋನಿನಲ್ಲಿ ಧೈರ್ಯ ತುಂಬಲು ಹೊರಟಳು. ಸೇರಿದ ಕೂಡಲೇ ಲಸಿಕೆ ಹಾಕ್ತಾರ, ಆಮೇಲೆ ರಕ್ತ ಪರೀಕ್ಷೆ ಕಲಿಯೋ ಪ್ರಾಕ್ಟಿಕಲ್ ಇರ್ತೈತಿ, ಅದಕ್ಕ ಬೇರೆಯವರ ರಕ್ತ ಕೊಡೂದಿಲ್ಲ, ನಮ್ಮ ಬೆರಳು ನಾವೇ ಚುಚ್ಚಿಕೋಬೇಕು ಎಂದು ವಿವರಿಸಿದಳು. ಧೈರ್ಯ ತುಂಬುವವರಿಗೆ ಯಾರಾದರೂ ಮೊದಲು ತರಬೇತಿ ಕೊಡಬೇಕು. ನಾನು ಎರಡು ಹೊತ್ತು ಊಟ ಬಿಟ್ಟೆ.

ಸೀಟು ಒಪ್ಪಿಕೊಳ್ಳುವ ಗಡುವು ಹತ್ತಿರ ಬಂತು. ಅಪ್ಪ ನಿನ್ನ ಮನಸ್ಸು ಎಂದ, ಅವ್ವ ನಿನ್ನ ಮನಸ್ಸು ಎಂದಳು, ನನ್ನ ಮನಸ್ಸು ಮಾತ್ರ ಬಾಯಿ ಬಿಡಲೊಲ್ಲದು. ಕೊನೆಗೆ ಅಜ್ಜಿ, ಎಲೆಅಡಿಕೆ ಮಡಚುತ್ತ, ಶುಕ್ರವಾರ ದೇವಿ ಗುಡಿಗೆ ಹೋಗಿ ಹೂವು ಕೇಳೋಣ ಎಂದಳು. ಎಲ್ಲರಿಗೂ ಉಸಿರು ಬಂತು. ಇನ್ನು ತೀರ್ಮಾನ ದೇವಿಯದು, ಹೆಚ್ಚುಕಡಿಮೆಯಾದರೆ ಜವಾಬ್ದಾರಿಯೂ ಅವಳದೇ.

ಹೂವು ಕೇಳುವುದೆಂದರೆ ನಮ್ಮ ಕಡೆ ಮದುವೆ, ಬಾವಿ, ಮನೆ ಕಟ್ಟುವುದು, ದನ ಕೊಳ್ಳುವುದು ಎಲ್ಲಕ್ಕೂ ನಡೆಯುವ ಕ್ರಮ. ಪೂಜಾರಿ ಮೂರ್ತಿಯ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂವು ಅಂಟಿಸುತ್ತಾನೆ. ಮನೆಯ ಹಿರಿಯರು ಮುಂದೆ ಕೂತು ಕೇಳಬೇಕಾದದ್ದನ್ನು ಮನಸ್ಸಿನಲ್ಲೇ ಕೇಳುತ್ತಾರೆ. ಬಾಯಿ ಬಿಟ್ಟು ಕೇಳುವಂತಿಲ್ಲ, ಏನು ಕೇಳಿದಿರಿ ಎಂದು ಆಮೇಲೆ ಯಾರೂ ವಿಚಾರಿಸುವಂತಿಲ್ಲ. ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಎರಡೂ ಬೀಳದಿದ್ದರೆ ದೇವಿಗೆ ಇವತ್ತು ಮನಸ್ಸಿಲ್ಲ, ಇನ್ನೊಂದು ದಿನ ಬನ್ನಿ.

ಶುಕ್ರವಾರ ನಾವೆಲ್ಲ ಹೋದೆವು. ಮಾವ ಯಲ್ಲಾಪುರದಿಂದ ಅಂಗಡಿ ಮುಚ್ಚಿ ಬಂದಿದ್ದ. ಪೂಜಾರಿ ಬಾಗಿಲ ಹತ್ತಿರದ ಟೇಬಲ್ ಫ್ಯಾನ್ ಆರಿಸಿದ. ಹಿಂದೊಮ್ಮೆ ಫ್ಯಾನ್ ಗಾಳಿಗೆ ಎಡಗಡೆಯ ಹೂವು ಹಾರಿ, ಕೂಡಿಬಂದಿದ್ದ ಸಂಬಂಧವೊಂದು ಮುರಿದು, ಹುಡುಗನ ಕಡೆಯವರು ಅವನ ಜೊತೆ ಜಗಳಕ್ಕೇ ನಿಂತಿದ್ದರಂತೆ. ಅಂದಿನಿಂದ ಹೂವು ಕೇಳುವಾಗ ಫ್ಯಾನ್ ಬಂದ್. ಅಜ್ಜಿ ಸೆರಗು ಹೊದ್ದು ಮುಂದೆ ಕೂತಳು, ಕಣ್ಣು ಮುಚ್ಚಿದಳು. ತುಟಿ ಸ್ವಲ್ಪವೂ ಅಲ್ಲಾಡಲಿಲ್ಲ. ನಾವು ಹಿಂದೆ ಬೆವರುತ್ತ ನಿಂತೆವು.

ನಾನು ವಿಜ್ಞಾನದ ಹುಡುಗಿ ಎಂಬುದನ್ನು ಇಲ್ಲಿ ನೆನಪಿಸಬೇಕು. ಕಣ್ಣು ಮುಚ್ಚುವ ಬದಲು ನಾನು ಮೂರ್ತಿಯ ಸುತ್ತ ನೋಡುತ್ತಿದ್ದೆ. ಎಣ್ಣೆಯ ದೊಡ್ಡ ದೀಪ ಇದ್ದದ್ದು ಮೂರ್ತಿಯ ಬಲಗಡೆಗೆ. ಹೂವು ನಿಂತಿರುವುದು ನೀರಿನ ಅಂಟಿನಿಂದ. ದೀಪದ ಬಿಸಿಗೆ ಬಲಗಡೆಯ ನೀರು ಬೇಗ ಆರುತ್ತದೆ, ಆ ಹೂವೇ ಮೊದಲು ಬೀಳುತ್ತದೆ. ನಮ್ಮೂರಿನವರು ಕೇಳಿದ್ದಕ್ಕೆಲ್ಲ ದೇವಿ ಹೆಚ್ಚಾಗಿ ಹೌದು ಅನ್ನುವ ರಹಸ್ಯ ಇದು ಎಂದು ನನಗೆ ಆ ಕ್ಷಣ ಹೊಳೆಯಿತು. ಹೊಳೆದು ಪ್ರಯೋಜನವೇನು? ನಾನು ಅದೇ ದೇವಿಗೆ, ತಾಯಿ, ಭೌತಶಾಸ್ತ್ರ ಹೇಗೂ ಇರಲಿ, ಎಡಗಡೆಯದನ್ನು ಬೀಳಿಸು ಎಂದು ಬೇಡಿಕೊಂಡೆ. ಬೇಡ ಅಂತ ಅವಳೇ ಹೇಳಿದರೆ ನಾನು ಹೆದರಿಕೆಯವಳು ಅನ್ನಿಸಿಕೊಳ್ಳದೆ ಪಾರಾಗಬಹುದಿತ್ತು.

ಬಹಳ ಹೊತ್ತು ಏನೂ ಆಗಲಿಲ್ಲ. ಮಾವ ಎರಡು ಸಲ ಕೆಮ್ಮಿದ. ಪೂಜಾರಿ ತಿರುಗಿ ನೋಡಿದ, ಕೆಮ್ಮಿನ ಗಾಳಿಯೂ ಗಾಳಿಯೇ. ಆಮೇಲೆ ಬಲಗಡೆಯ ಹೂವು ಮೆಲ್ಲಗೆ ಓರೆಯಾಗಿ, ಜಾರಿ, ದೇವಿಯ ಪಾದದ ಮೇಲೆ ಬಿತ್ತು.

ಗಂಟೆ ಬಾರಿಸಿದರು. ಅವ್ವ ಅತ್ತಳು. ಮಾವ ಗುಡಿಯ ಹೊರಗೆ ಹೋಗಿ ಫೋನು ಹಿಡಿದ. ಅಜ್ಜಿ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು, ಅರ್ಧ ನನ್ನ ಮುಡಿಗೆ ಸಿಕ್ಕಿಸಿ, ಅರ್ಧವನ್ನು ಸೆರಗಿಗೆ ಕಟ್ಟಿಕೊಂಡಳು. ಅವಳ ಮುಖದಲ್ಲಿ ಅಷ್ಟು ಸಮಾಧಾನ ನಾನು ಎಂದೂ ಕಂಡಿರಲಿಲ್ಲ. ಇನ್ನು ಹಿಂದೆ ಸರಿಯುವ ಮಾತೇ ಇರಲಿಲ್ಲ. ವಾರ ಕಳೆಯುವುದರೊಳಗೆ ನಾನು ಟ್ರಂಕು, ಹಾಸಿಗೆ, ಅವ್ವನ ಬಳೆಯಿಂದ ಬಿಚ್ಚಿಕೊಂಡ ಒಂದು ಪಿನ್ನು ಹಿಡಿದು ದೇವಿಮನೆ ಘಟ್ಟ ಇಳಿದೆ.

ಕಾಲೇಜಿನ ಮೊದಲ ದಿನಗಳನ್ನು ನಾನು ಹೂವಿನ ಬಲದಿಂದ ದಾಟಿದೆ. ಲಸಿಕೆಯ ಸಾಲಿನಲ್ಲಿ ನಿಂತಾಗ ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು. ದೇವಿ ಹೌದು ಅಂದಿದ್ದಾಳೆ ಎಂದು ಹೇಳಿಕೊಂಡು ಅದನ್ನು ವಾಪಸು ತಿರುಗಿಸಿದೆ. ಚುಚ್ಚಿಸಿಕೊಂಡೆ, ಎಚ್ಚರ ತಪ್ಪಿ ಬಿದ್ದೆ, ಎದ್ದೆ. ಅಲ್ಲಿಯವರಿಗೆ ಇದು ಹೊಸದಲ್ಲ. ಪಕ್ಕದ ಬೆಂಚಿನ ಮೇಲೆ ಇನ್ನಿಬ್ಬರು ಆಗಲೇ ಮಲಗಿದ್ದರು. ನನ್ನಂಥವರು ವೈದ್ಯಕೀಯದಲ್ಲಿ ಇಷ್ಟು ಮಂದಿ ಇದ್ದಾರೆಂದು ಆ ಅಕ್ಕ ಫೋನಿನಲ್ಲಿ ಹೇಳಿದ್ದರೆ ನನ್ನ ಎರಡು ಹೊತ್ತಿನ ಊಟ ಉಳಿಯುತ್ತಿತ್ತು.

ಬೆರಳು ಚುಚ್ಚಿಕೊಳ್ಳುವ ಪ್ರಾಕ್ಟಿಕಲ್ ದಿನ ಮಾತ್ರ ಹೂವೂ ಕೈಕೊಟ್ಟಿತು. ಸೂಜಿ ಬಲಗೈಯಲ್ಲಿ, ಬೆರಳು ಎಡಗೈಯದು, ಎರಡೂ ನನ್ನವೇ, ಓಡುವುದಾದರೂ ಎಲ್ಲಿಗೆ? ಸರ್ ಬಂದು, ಏನೂ ಆಗಲ್ಲ, ಚುಚ್ಚಿಕೊಳ್ಳಿ ಎಂದರು. ಮತ್ತೆ ಅದೇ ಮಾತು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಭರದಲ್ಲಿ ನಾನು ನನ್ನ ಬೆರಳಿಗೇ, ನಮ್ಮ ಮನೆಯ ಕಟ್ಟೆಯ ಮೇಲೆ ಕೂತವರಿಗೆ ಹೇಳುತ್ತಿದ್ದ ಹಾಗೆ, ನೋವಾಗ್ತೈತಿ, ಅಳೂದಿದ್ರ ಈಗಲೇ ಅಳು ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು, ಪಕ್ಕದ ಹುಡುಗಿ ಹೌಹಾರಿ ನೋಡಿದಳು. ಚುಚ್ಚಿದೆ. ನೋವಾಯಿತು. ಹೇಳಿದಷ್ಟೇ ಆಯಿತು, ಅದಕ್ಕಿಂತ ಹೆಚ್ಚಲ್ಲ. ಬೆರಳ ತುದಿಯಲ್ಲಿ ಕೆಂಪು ಹನಿ ಮೂಡಿತು, ನಾನು ನಿಂತೇ ಇದ್ದೆ. ಆ ದಿನ ಹಾಸ್ಟೆಲಿಗೆ ಬಂದು ಮನೆಗೆ ಫೋನು ಮಾಡಿ, ದೇವಿ ದೊಡ್ಡವಳು ಎಂದು ಅಜ್ಜಿಗೆ ಹೇಳಿದೆ. ಅಜ್ಜಿ, ಹೌದವ್ವ ಹೌದು ಎಂದಳು.

ಮೊದಲ ವರ್ಷದ ಪರೀಕ್ಷೆ ಮುಗಿಸಿ, ಪಾಸಾಗಿ ಊರಿಗೆ ಬಂದಾಗ ಅಜ್ಜಿ ಎಲ್ಲರನ್ನೂ ಗುಡಿಗೆ ಹೊರಡಿಸಿದಳು. ದೇವಿಯ ಮಾತು ಖರೆ ಆತು, ಕಾಯಿ ಒಡಿಸಬೇಕು ಎಂದಳು. ನಾನು ಹೊಸ ಡ್ರೆಸ್ ಹಾಕಿಕೊಂಡು, ಸಂಕೋಚದ ಮುಖ ಮಾಡಿಕೊಂಡು, ಎಲ್ಲರಿಗಿಂತ ಮುಂದೆ ನಡೆದೆ. ಅಜ್ಜಿಯ ಜೊತೆ ಅವಳ ಎಮ್ಮೆಯ ಕರುವೂ ಹಗ್ಗ ಹಿಡಿಸಿಕೊಂಡು ಬಂತು. ಅದರ ಹಣೆಗೂ ಕುಂಕುಮ, ನನ್ನ ಹಣೆಗೂ ಕುಂಕುಮ. ಕರುವನ್ನು ಯಾಕೆ ತಂದಿದ್ದಾಳೆಂದು ಯಾರೂ ಕೇಳಲಿಲ್ಲ. ಅಜ್ಜಿಗೆ ಎಮ್ಮೆ ಅಂದರೆ ಜೀವ, ಇರಲಿ ಬಿಡು ಎಂದುಕೊಂಡೆವು.

ನಾನು ಕೊನೆಯ ವರ್ಷದಲ್ಲಿದ್ದಾಗ ಅಜ್ಜಿಗೆ ಸಕ್ಕರೆ ಕಾಯಿಲೆ ಏರಿತು. ಗುಳಿಗೆ ಸಾಲುತ್ತಿಲ್ಲ, ದಿನಾ ಇನ್ಸುಲಿನ್ ಚುಚ್ಚಬೇಕು ಎಂದು ಶಿರಸಿಯ ಡಾಕ್ಟರು ಹೇಳಿದರು. ಅಜ್ಜಿ ಖಡಾಖಂಡಿತ ಒಲ್ಲೆ ಎಂದಳು. ಈ ವಯಸ್ಸಿನ ತನಕ ನಾನು ಒಂದೂ ಸೂಜಿ ಚುಚ್ಚಿಸಿಕೊಂಡವಳಲ್ಲ ಎಂದು ಅವಳು ಯಾವಾಗಲೂ ಹೆಮ್ಮೆಯಿಂದ ಹೇಳುತ್ತಿದ್ದಳು. ನಾವದನ್ನು ಅವಳ ಆರೋಗ್ಯದ ಬಡಾಯಿ ಎಂದು ತಿಳಿದಿದ್ದೆವು. ಚುಚ್ಚಲು ಬಂದ ನರ್ಸನ್ನು ನೋಡಿ ಅವಳು ಕೊಟ್ಟಿಗೆಗೆ ಹೋಗಿ ಎಮ್ಮೆಯ ಹಿಂದೆ ನಿಂತಳೆಂದು ಅವ್ವ ಫೋನಿನಲ್ಲಿ ಹೇಳಿದಾಗ ನನಗೆ ನೀಲಿ ನೀರು ನೆನಪಾಯಿತು, ಬೆಲ್ಲದ ತುಂಡು ನೆನಪಾಯಿತು. ನಗು ಬಂತು. ಆಮೇಲೆ ಅವಳ ಕಾಲಿನ ಗಾಯ ಆರುತ್ತಿಲ್ಲವೆಂದು ಅವ್ವ ಹೇಳಿದಳು. ನಗು ನಿಂತಿತು. ರಜೆ ಹಾಕಿ ಬಸ್ಸು ಹತ್ತಿದೆ.

ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಮೊದಲಿಗಿಂತ ಸಣ್ಣವಳಾಗಿ ಕಂಡಳು. ನಾನು ಬಾಟಲಿಯಿಂದ ಔಷಧ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅವಳು ಸೆರಗನ್ನು ತೋಳಿನ ಮೇಲೆ ಬಿಗಿಯಾಗಿ ಎಳೆದುಕೊಂಡು ಮುಖ ತಿರುಗಿಸಿದಳು. ನಾನು ನನ್ನ ಹತ್ತಿರವಿದ್ದ ದೊಡ್ಡ ಅಸ್ತ್ರವನ್ನೇ ತೆಗೆದೆ. ನನ್ನ ಕೈ ಬೇಡ ಅಂದರೆ ದೇವಿಯ ಅಪ್ಪಣೆಯನ್ನೇ ಬೇಡ ಅಂದಂತೆ, ಅವಳೇ ಹೂವು ಕೊಟ್ಟು ಕಳಿಸಿದ್ದಲ್ಲವೇ, ನೀನೇ ಕೇಳಿದ್ದಲ್ಲವೇ ಎಂದು ಪಟ್ಟು ಹಿಡಿದೆ.

ಅಜ್ಜಿ ತಿರುಗಿ ನನ್ನನ್ನು ನೋಡಿದಳು. ಅವಳ ಬಾಯಿಯ ಅಂಚಿನಲ್ಲಿ ಎಂಥದೋ ಕಳ್ಳ ನಗು.

"ನಾ ಅವತ್ತು ಎಮ್ಮಿದ ಕೇಳಿದ್ದೆ," ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಎಮ್ಮೆ ಗಬ್ಬ ನಿಂತಿದೆಯೋ ಇಲ್ಲವೋ ಎಂಬ ಅನುಮಾನ ಆಗ ಅವಳನ್ನು ಕೊರೆಯುತ್ತಿತ್ತು. ಗುಡಿಯಲ್ಲಿ ಕಣ್ಣು ಮುಚ್ಚಿ ಕೇಳಿದ್ದು ಅದನ್ನೇ. ಹೂವು ಬಲಕ್ಕೆ ಬಿತ್ತು. ಎಮ್ಮೆ ಕರು ಹಾಕಿತು. ಕಾಯಿ ಒಡೆಸಿದ್ದು ಕರುವಿನ ಲೆಕ್ಕಕ್ಕೆ. ಕುಂಕುಮ ನನಗೆ ಸುಮ್ಮನೆ, ಹೇಗೂ ಜೊತೆಗೆ ಬಂದಿದ್ದೆನಲ್ಲ ಎಂದು.

ನನ್ನ ಇಡೀ ಓದು ಒಂದು ಎಮ್ಮೆಯ ಗಬ್ಬದ ಮೇಲೆ ನಿಂತಿದೆಯೆಂದು ತಿಳಿದರೆ ಅದಕ್ಕೆ ಏನು ಚಿಕಿತ್ಸೆಯೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಮೊದಲು ರೇಗಿತು. ಮನೆಮಂದಿಯೆಲ್ಲ ಬೆವರುತ್ತ ನಿಂತಿದ್ದೆವು, ಮಾವ ಅಂಗಡಿ ಮುಚ್ಚಿ ಬಂದಿದ್ದ, ನಾನು ಎಷ್ಟು ಸಲ ಆ ಹೂವನ್ನು ನೆನೆದು ಹಲ್ಲು ಕಚ್ಚಿದ್ದೆ. ನನ್ನದನ್ನು ಯಾಕೆ ಕೇಳಲಿಲ್ಲ ಎಂದು ಸ್ವಲ್ಪ ದನಿ ಏರಿಸಿಯೇ ಕೇಳಿದೆ.

ಅಜ್ಜಿಯ ನಗು ಹೋಯಿತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಬ್ಯಾಡ ಅಂದ್ಬಿಟ್ಟಿದ್ರ?" ಎಂದಳು. "ಎಮ್ಮಿ ಗಬ್ಬ ಇಲ್ಲ ಅಂದಿದ್ರ ತಡ್ಕೊಂತಿದ್ದೆ. ನಿನ್ನ ಬ್ಯಾಡ ಅಂದಿದ್ರ ನಾ ದೇವಿ ಮಾತು ಮೀರಬೇಕಾಗ್ತಿತ್ತು. ಅದಕ್ಕ ಕೇಳಲಿಲ್ಲ."

ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು. ಲಸಿಕೆಯ ಸಾಲಿನಲ್ಲಿ ಕಾಲನ್ನು ವಾಪಸು ತಿರುಗಿಸಿದ್ದು ದೇವಿಯಲ್ಲ. ಬೆರಳಿಗೆ ಖರೆ ಹೇಳಿ ಚುಚ್ಚಿದ್ದೂ ದೇವಿಯಲ್ಲ. ಇಷ್ಟು ವರ್ಷ ನಾನು ಯಾರದೋ ಅಪ್ಪಣೆಯ ಮೇಲೆ ನಡೆದೆನೆಂದು ತಿಳಿದಿದ್ದೆ. ಅಪ್ಪಣೆಯೇ ಇರಲಿಲ್ಲ, ನಾನು ನಡೆದೇ ಬಂದಿದ್ದೆ. ದೇವಿಯ ಮಾತನ್ನು ಮೀರಲೂ ಸಿದ್ಧಳಾಗಿದ್ದ ಒಬ್ಬಳು ಮುದುಕಿ ಮಾತ್ರ ನನ್ನ ಹಿಂದೆ ಇದ್ದಳು. ಅವಳೂ ಸೂಜಿ ಕಂಡರೆ ಎಮ್ಮೆಯ ಹಿಂದೆ ಅಡಗುವವಳು.

ಅಜ್ಜಿ ಸೆರಗು ಸರಿಸಿ ತೋಳು ಚಾಚಿದಳು. ಚರ್ಮ ಸಡಿಲವಾಗಿತ್ತು.

"ನೋವಾಗ್ತೈತೇನ?" ಎಂದು ಕೇಳಿದಳು.

"ಆಗ್ತೈತಿ," ಎಂದೆ. "ಅಳೂದಿದ್ರ ಈಗಲೇ ಅಳು."

ಅವಳು ಅಳಲಿಲ್ಲ. ಕಣ್ಣೂ ಮುಚ್ಚಲಿಲ್ಲ. ಸೂಜಿ ಒಳಗೆ ಹೋಗುವುದನ್ನು ನೋಡುತ್ತಲೇ ಇದ್ದಳು. ತೆಗೆದ ಮೇಲೆ ಅವಳ ಮುಖ ಮೆಲ್ಲಗೆ ಸಡಿಲಾಯಿತು. ನಾನು ನೋಡುತ್ತ ಕೂತೆ.